ಐದನೇ ಷರತ್ತು

ಬೆಳಕು ಹರಿಯುವ ಮುಂಚೆ ಶ್ರೀದೇವಿ ಮಾಡಿ ಮುಗಿಸುವ ಕೆಲಸಗಳು ಇವು: ಗೀಸರ್ ಹಾಕುವುದು, ಹಾಸಿಗೆ ಹಿಡಿದ ಅತ್ತೆ ಮುರಿಗೆವ್ವನ ಮಗ್ಗುಲು ಬದಲಿಸುವುದು, ಒದ್ದೆ ಬಟ್ಟೆ ತೆಗೆದು ಮೈ ಒರೆಸಿ ಬೆನ್ನಿಗೆ ಪೌಡರ್ ಹಾಕುವುದು, ಆ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಸುವುದು, ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುವುದು, ಹಾಲು ಕಾಯಿಸುವುದು, ರಾಗಿ ಗಂಜಿ ಮಾಡುವುದು, ಗಂಡನ ಕಾಫಿಗೆ ಡಿಕಾಕ್ಷನ್ ಇಳಿಸುವುದು. ಆ ಶುಕ್ರವಾರ ಇನ್ನೊಂದು ಸೇರಿತ್ತು. ಫೋನಿಗೆ ಬಂದಿದ್ದ ಕರಾರುಪತ್ರವನ್ನು ಓದುವುದು.

ಕತ್ರಿಗುಪ್ಪೆಯ ಆ ಮನೆಯನ್ನು ಗಂಡ ಗೌರೀಶಂಕರ, ಮೈದುನ ಶಿವರಾಜ್ ಪಾಲು ಮಾಡಿಕೊಳ್ಳುತ್ತಿದ್ದರು. ಕೆಳಗಿನದು ಇವರಿಗೆ, ಮಹಡಿ ಅವನಿಗೆ. ಹತ್ತೂವರೆಗೆ ರಾಹುಕಾಲ ಶುರುವಾಗುವ ಮುಂಚೆ ಜಯನಗರದ ವಕೀಲರ ಆಫೀಸಿನಲ್ಲಿ ಸೈನ್ ಆಗಬೇಕಿತ್ತು. ಅಣ್ಣತಮ್ಮಂದಿರ ಪಾಲಿಗೆ ತನ್ನ ಸೈನ್ ಯಾಕೆ ಎಂದು ಹಿಂದಿನ ದಿನವೇ ಕೇಳಿದ್ದಳು.

"ನಾನ್ ಓದಿದೀನಲ್ಲ. ನೀನೇನು ಲಾಯರಾ?" ಎಂದು ಗೌರೀಶಂಕರ ನಕ್ಕಿದ್ದ. "ಫ್ಯಾಮಿಲಿ ಗ್ರೂಪಲ್ಲಿ ಹಾಕಿದೀನಿ. ನಿನ್ ಫೋನಲ್ಲಿ ಓಪನ್ ಆದ್ರೆ ಓದ್ಕೋ."

ಓಪನ್ ಆಗಲಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷ, ಮನೆಯ ಕಾಗದಗಳನ್ನೆಲ್ಲ ಅವನೇ ಓದಿ, ತನಗೆ ಬೇಕೆನಿಸಿದಷ್ಟನ್ನು ಮಾತ್ರ ಅವಳಿಗೆ ಹೇಳುತ್ತಿದ್ದ. ಅವಳ ಫೋನಿನಲ್ಲಿ ಫೈಲ್ ತೆರೆಯುವ ಆ್ಯಪ್ಪೇ ಇರಲಿಲ್ಲ.

ಒಂದು ಕೈಯಲ್ಲಿ ಗಂಜಿ ತಿರುವುತ್ತಾ ಇನ್ನೊಂದರಲ್ಲಿ ಅಂಥ ಆ್ಯಪ್ ಹುಡುಕಿದಳು. ಎಲ್ಲಕ್ಕಿಂತ ಹೆಚ್ಚು ಸ್ಟಾರ್ ಇದ್ದದ್ದು ಮೊದಲು ಅವಳ ಫೋಟೋ, ನಂಬರುಗಳನ್ನೆಲ್ಲ ಕೇಳಿತು. ಬೇಡವೆಂದು ತೆಗೆದುಹಾಕಿದಳು. ಎರಡನೆಯದು ಫೈಲನ್ನು ತೆರೆಯಿತು, ಆದರೆ ಪುಟದ ತುಂಬ ಬಾಲ ಕೊಂಬು ಬಂದ ಇಂಗ್ಲಿಷ್ ಅಕ್ಷರಗಳು. ನಡುವೆ ಅಂಕಿಗಳು ಮಾತ್ರ ನೆಟ್ಟಗಿದ್ದವು. ಒಂದು, ಎರಡು, ಐದು.

ಇಂಥದ್ದನ್ನು ಅವಳು ಕಂಡಿದ್ದಳು. ಬೆಳಗಿನ ಹೊತ್ತು ಅವಳು ಕೆಲಸ ಮಾಡುವ ಜೆ.ಪಿ. ನಗರದ ಶಿಶುವಿಹಾರಕ್ಕೆ ಬರುವ ಸುತ್ತೋಲೆಗಳೂ ಹೀಗೇ ಇರುತ್ತಿದ್ದವು. ಟೈಪ್ ಮಾಡುವವರು ಕಂಪ್ಯೂಟರಿನ ಹಳೆಯ ನುಡಿ ಅಕ್ಷರದಲ್ಲಿ ಮಾಡಿ ಹಾಗೇ ಕಳಿಸಿಬಿಡುತ್ತಾರೆ, ಫೋನಿಗೆ ಅದು ಗೊತ್ತಾಗುವುದಿಲ್ಲ. "ನುಡಿ ಫೈಲ್ ಓದುವ ಆ್ಯಪ್" ಎಂದು ಹುಡುಕಿದಳು. ಪಟ್ಟಿಯ ಕೊನೆಯಲ್ಲಿ ಒಂದಿತ್ತು, ಅಂದಚೆಂದವಿಲ್ಲದ್ದು. ಅದರ ಕೆಳಗೆ, ಬಳಸಿದವರ ಅಭಿಪ್ರಾಯಗಳಲ್ಲಿ, ಬೇಗೂರಿನ ವನಿತಾ ಎಂಬಾಕೆ ಬರೆದಿದ್ದಳು: "ಲಾಯರ್ ಕಳಿಸಿದ್ದು ಓದೋಕಾಯ್ತು. ಏನೂ ಪರ್ಮಿಶನ್ ಕೇಳಲ್ಲ."

ಅದನ್ನೇ ಇಳಿಸಿಕೊಂಡಳು. ಅಕ್ಷರಗಳು ಕನ್ನಡವಾಗುತ್ತಿದ್ದಂತೆ ಒಳಗಿಂದ ಅತ್ತೆ ಕರೆದಳು. "ಮತ್ತ ಹಸಿ ಆಗೈತಿ ನೋಡವ್ವಾ."

"ಬಂದೆ ಅತ್ತೆ, ಒಂದ್ನಿಮಿಷ."

'೫. ಒಂದನೇ ಪಾರ್ಟಿಯ ಪತ್ನಿ ಶ್ರೀದೇವಿಯವರು ಮುರಿಗೆವ್ವನವರ ಸಮಸ್ತ ಸೇವೆಯನ್ನು ಅವರ ಜೀವಿತಾವಧಿಯವರೆಗೆ ತಾವೇ ಖುದ್ದಾಗಿ ಮಾಡತಕ್ಕದ್ದು. ಈ ಅವಧಿಯಲ್ಲಿ ಹೊರಗೆ ಯಾವುದೇ ಉದ್ಯೋಗಕ್ಕೆ ಹೋಗತಕ್ಕದ್ದಲ್ಲ.'

ಗಂಜಿ ತಳ ಹಿಡಿದ ವಾಸನೆ ಬಂತು. ಒಲೆ ಆರಿಸಿ, ಕಾಫಿ ಹಿಡಿದು ಹಜಾರಕ್ಕೆ ಹೋದಳು.

"ಏನಂತೆ, ಓಪನ್ ಆಯ್ತಾ?" ಪೇಪರಿನ ಹಿಂದಿನಿಂದ ಗೌರೀಶಂಕರ ಕೇಳಿದ.

"ಆಯ್ತು. ಐದನೇದು ಯಾರು ಬರೆಸಿದ್ದು?"

ಪೇಪರ್ ಕೆಳಗಿಳಿಯಿತು. "ಶಿವರಾಜ್ ಕೇಳ್ದ ಕಣೆ. ಕೆಳಗಿನ ಮನೆ ತಗೊಂಡ್ರೆ ಅಮ್ಮನ್ನ ನೋಡ್ಕೋಬೇಕು ಅಂದ. ಹೆಂಗೂ ನೀನೇ ತಾನೇ ಮಾಡ್ತಿರೋದು?"

"ಮನೆ ತಗೊಳ್ತಿರೋರು ನೀವು. ನಿಮ್ಮ ಹೆಸರು ಹಾಕ್ಸಿ."

"ಚೆನ್ನಾಗಿದೆ. ನಾನು ಬಟ್ಟೆ ಬದಲಾಯಿಸ್ಲಾ?" ಲೋಟ ಖಾಲಿ ಮಾಡಿ ಎದ್ದ. "ಒಂಬತ್ತೂವರೆಗೆ ಆಟೋ ಬರುತ್ತೆ. ರೇಷ್ಮೆ ಸೀರೆ ಉಟ್ಕೊಂಡು ರೆಡಿಯಾಗು."

ಬಚ್ಚಲಿನ ಬಾಗಿಲು ಹಾಕಿಕೊಂಡಿತು. ಸ್ವಯಂನಿವೃತ್ತಿ ಪಡೆದು ಎರಡು ವರ್ಷದಿಂದ ಅವನು ಮನೆಯಲ್ಲೇ ಇದ್ದ. ಶ್ರೀದೇವಿ ಶಿಶುವಿಹಾರದಲ್ಲಿರುವ ಮೂರೂವರೆ ಗಂಟೆ ಅತ್ತೆಯ ಒದ್ದೆ ಬಟ್ಟೆ ಅವಳಿಗಾಗಿ ಕಾಯುತ್ತಿರುತ್ತಿತ್ತು.

ಅವಳು ಒಳಗೆ ಹೋಗಿ ಅತ್ತೆಯ ಬಟ್ಟೆ ಬದಲಿಸಿದಳು, ತಳ ಹಿಡಿಯದ ಗಂಜಿಯನ್ನು ಮೇಲಿಂದ ತೆಗೆದು ಕುಡಿಸಿದಳು. ಮಂಚದ ಮೇಲೆ ಇಸ್ತ್ರಿಯಾದ ರೇಷ್ಮೆ ಸೀರೆ ಇತ್ತು. ಅದನ್ನು ಬೀರುವಿಗೆ ವಾಪಸ್ಸಿಟ್ಟು, ಶಿಶುವಿಹಾರದ ನೀಲಿ ಸೀರೆ ಉಟ್ಟಳು. ಬಚ್ಚಲಲ್ಲಿ ನೀರಿನ ಸದ್ದು ಇನ್ನೂ ನಿಂತಿರಲಿಲ್ಲ.

ಗ್ರೂಪಿನಲ್ಲಿ ಬರೆದಳು: "ಓದಿದೆ. ಐದನೇ ಷರತ್ತು ತೆಗೆಯುವವರೆಗೆ ಸೈನ್ ಹಾಕಲ್ಲ."

ಹೆಬ್ಬೆರಳು ಒಂದು ಗಳಿಗೆ ತಡೆಯಿತು. ಕಳಿಸಿದಳು, ಬ್ಯಾಗ್ ಹೆಗಲಿಗೇರಿಸಿ ಬಸ್ ಸ್ಟಾಪಿನ ಕಡೆ ಹೊರಟಳು.