ಬೆಂಕಿಪೊಟ್ಟಣದಲ್ಲಿ ಒಂದು ಮುಖಪುಟ

ನಂಬುವುದಿಲ್ಲ ಅಂತ ಈಗಲೇ ಹೇಳಿಬಿಡಿ, ನನಗೇನೂ ಬೇಸರವಿಲ್ಲ. ಕುಲಶೇಖರದ ಆ ಪೊರ್ಬುಗಳ ಕೆಳತುಟಿ ನೋಡಿಯೇ ಮುಂದೆ ಯಾವ ಪುಸ್ತಕ ಬರುತ್ತದೆಂದು ಹೇಳಬಹುದಿತ್ತು. ಕುಂಚದ ತುದಿಯನ್ನು ತುಟಿಗಿಟ್ಟು ಚೂಪು ಮಾಡುವ ಅಭ್ಯಾಸ. ತುಟಿ ಹಸಿರಾಗಿದ್ದರೆ ಕವಿತೆ, ಕೆಂಪಾಗಿದ್ದರೆ ಪತ್ತೇದಾರಿ. ಭಾನುವಾರ ಇಗರ್ಜಿಗೆ ಹೊರಟರೆ ಹೆಂಡತಿ ಒದ್ದೆ ಬಟ್ಟೆ ಹಿಡಿದು ಹಿಂದೆಯೇ ಓಡುತ್ತಿದ್ದರು.

ಕ್ರೈಸ್ತ ಹಿರಿಯರನ್ನು ಪೊರ್ಬುಗಳು ಅನ್ನುವುದು ನಮ್ಮೂರಿನ ವಾಡಿಕೆ. ನನ್ನ ಹನ್ನೊಂದು ನಗೆಬರಹದ ಪುಸ್ತಕಗಳಿಗೂ ಮುಖಪುಟ ಬರೆದವರು ಇವರೇ. ಪುಸ್ತಕ ಖರ್ಚಾದದ್ದು ನನ್ನ ಹಾಸ್ಯದಿಂದ. ಚಿತ್ರದಿಂದ ಅನ್ನುವವರಿಗೆ ಹೊಟ್ಟೆಕಿಚ್ಚು.

ಪೊರ್ಬುಗಳದ್ದೊಂದು ಹಠ. ಮುಖಪುಟ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದಿರಬೇಕು. ದೊಡ್ಡದಾಗಿ ಬರೆದು ಕುಗ್ಗಿಸುವುದು, ಸಣ್ಣದನ್ನು ಹಿಗ್ಗಿಸುವುದು ಎಲ್ಲ ಮೋಸ. "ಮನುಷ್ಯನನ್ನು ಎಳೆದು ಉದ್ದ ಮಾಡ್ಲಿಕ್ಕೆ ಆಗ್ತದಾ?" ಎನ್ನುತ್ತಿದ್ದರು. ಮುಗಿದ ಚಿತ್ರವನ್ನು ಬಲ್ಮಠದ ಚಾ ಅಂಗಡಿಯ ಕಟ್ಟೆಯ ಮೇಲೆ ನಿಲ್ಲಿಸಿ, ರಸ್ತೆ ದಾಟಿ ಹೋಗಿ ಆಚೆಯಿಂದ ನೋಡುವರು. ಪುಸ್ತಕದ ಹೆಸರು ಓದಲಾಗದಿದ್ದರೆ ವಾಪಸು ಬಂದು ಹರಿದು ಹಾಕುವರು.

ಗೊಂದಲ ಶುರುವಾದದ್ದು ನನ್ನ ಹನ್ನೆರಡನೆಯ ಪುಸ್ತಕಕ್ಕೆ. ಪ್ರಕಾಶಕರು ಹೋದ ಮೇಲೆ ಅವರ ಮಗಳದೇ ಯಜಮಾನಿಕೆ.

"ಅಂಕಲ್, ಈ ಸಲ ಪ್ರಿಂಟ್ ಇಲ್ಲ. ಮೊಬೈಲಲ್ಲಿ ಮಾತ್ರ," ಅಂದಳು.

"ಮತ್ತೆ ಪುಸ್ತಕ ಎಲ್ಲಿ?"

"ಮೊಬೈಲಲ್ಲೇ ಉಂಟಲ್ಲ."

"ಅದು ಗೊತ್ತಾಯ್ತು. ಪುಸ್ತಕ ಎಲ್ಲಿ?"

ಅವಳು ಹಣೆ ಒತ್ತಿಕೊಂಡಳು. ನನಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ. ಮುಖಪುಟವನ್ನಾದರೂ ಪೊರ್ಬುಗಳೇ ಬರೆಯಲಿ ಎಂದು ಪಟ್ಟು ಹಿಡಿದೆ.

ಆಗಲೇ ಅವರ ಒಂದು ಕಣ್ಣು ಮಂಜಾಗಿತ್ತು. ಇನ್ನೊಂದನ್ನು ದಣಿಸಬೇಡಿ ಎಂದು ಡಾಕ್ಟರು ಹೇಳಿದ್ದರು. "ಇದೊಂದು ಮಾಡ್ತೇನೆ ಮಾರಾಯ, ಮತ್ತೆ ಕುಂಚ ಮುಟ್ಟುವುದಿಲ್ಲ. ಅಳತೆ ಎಂತ?" ಎಂದರು.

ನನ್ನ ನಾಲಿಗೆ ಸುಮ್ಮನಿರುತ್ತದೆಯೇ? ಮೊಬೈಲಿನಲ್ಲಿ ಸಾಲಾಗಿ ಕಾಣುವ ಪುಟ್ಟ ಮುಖಪುಟಗಳನ್ನು ತೋರಿಸಿ, "ನೋಡಿ, ಅಂಚೆಚೀಟಿಯಷ್ಟು. ಇಷ್ಟರಲ್ಲೇ ಬರೀಬೇಕಂತೆ" ಅಂದೆ. ತಮಾಷೆ ಎಂದು ತಿಳಿದು ಸಂಜೆಯೊಳಗೆ ಫೋನ್ ಮಾಡಿ ಬೈಯುತ್ತಾರೆಂದು ಕಾದೆ. ಮಾಡಲಿಲ್ಲ. ಆಮೇಲೆ ನಾನೂ ಮರೆತೆ.

ಮೂರು ವಾರದ ಮೇಲೆ ಒಂದು ಬೆಂಕಿಪೊಟ್ಟಣ ತಂದು ನನ್ನ ಕೈಗಿಟ್ಟರು. ಒಳಗೆ ಹತ್ತಿಯ ಮೇಲೆ ಅಂಚೆಚೀಟಿಯಷ್ಟು ಚಿತ್ರ: ಉಳ್ಳಾಲದ ಕಡಲು, ಒಂದು ದೋಣಿ, ದೋಣಿಯಲ್ಲಿ ಕೂತು ಪುಸ್ತಕ ಓದುವ ಬೋಳುತಲೆಯ ನಾನು. ಗಡಿಯಾರ ರಿಪೇರಿಯವರ ಭೂತಗನ್ನಡಿ ಕೇಳಿ ತಂದು ಬರೆದರಂತೆ. ಕಣ್ಣೆರಡೂ ಕೆಂಪಾಗಿ ನೀರು ಸುರಿಯುತ್ತಿತ್ತು.

ಪ್ರಕಾಶಕಿ ಅದನ್ನು ಕಂಪ್ಯೂಟರಿಗೆ ಏರಿಸಿ ದೊಡ್ಡದು ಮಾಡುತ್ತ ಹೋದಳು. ಚಿತ್ರದೊಳಗೆ ನನ್ನ ಕೈಯಲ್ಲಿದ್ದ ಪುಸ್ತಕಕ್ಕೂ ಒಂದು ಮುಖಪುಟ ಬರೆದಿದ್ದರು!

"ಇಷ್ಟು ಸಣ್ಣದು ಯಾಕೆ ಅಂಕಲ್? ದೊಡ್ಡದು ಬರೆದಿದ್ರೂ ಮೊಬೈಲಲ್ಲಿ ಅದೇ ಸಣ್ಣದಾಗ್ತಿತ್ತಲ್ಲ."

ನಾನು ಫ್ಯಾನ್ ತಿರುಗುವುದನ್ನು ನೋಡಿದೆ.

ಪುಸ್ತಕ ಬಂತು. ಎಲ್ಲಿಗೆ ಬಂತು ಅಂತ ಕೇಳಬೇಡಿ. ಓದಿದೆ ಎನ್ನುವವರು ದಾರಿಯಲ್ಲಿ ಸಿಗುತ್ತಾರೆ, ಸಹಿ ಕೇಳುತ್ತಾರೆ, ಎಲ್ಲಿ ಹಾಕುವುದೆಂದು ಇಬ್ಬರಿಗೂ ತಿಳಿಯದೆ ನಿಂತುಕೊಳ್ಳುತ್ತೇವೆ. ಪೊರ್ಬುಗಳು ಮಾತ್ರ ಮೊಬೈಲಿನ ಪಕ್ಕ ಬೆಂಕಿಪೊಟ್ಟಣ ತೆರೆದಿಟ್ಟು, ಮೂಗು ತಾಗುವಷ್ಟು ಬಗ್ಗಿ ನೋಡಿ, "ಸರೀ ಉಂಟು. ಅಳತೆ ತಪ್ಪಲಿಲ್ಲ" ಎಂದರು.

ನನಗೆ ತಡೆಯಲಾಗಲಿಲ್ಲ. "ಪೊರ್ಬುಗಳೇ, ಆ ಅಳತೆ ನಾನು ಕುಶಾಲಿಗೆ ಹೇಳಿದ್ದು."

"ಗೊತ್ತುಂಟು ಮಾರಾಯ. ಮೊಮ್ಮಗಳು ಮೊದಲ ದಿನವೇ ಹೇಳಿದ್ದಾಳೆ. ನಿನ್ನ ಕುಶಾಲಿಗೆ ನನ್ನದೂ ಒಂದು ಇರ್ಲಿ ಅಂತ ಬರೆದದ್ದು," ಎಂದು ಜೋರಾಗಿ ನಕ್ಕರು.

ಮರುವರ್ಷ ತೀರಿಕೊಂಡರು. ಕೊನೆಕೊನೆಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ.

ಇಷ್ಟು ಹೇಳಿದ್ದರಲ್ಲಿ ನಾನು ಕಟ್ಟಿದ್ದು ಒಂದೇ: ನಾನು ಕುಶಾಲು ಒಪ್ಪಿಕೊಂಡ, ಅವರು ನಕ್ಕ ಆ ಕೊನೆಯ ಮಾತುಕತೆ. ಅಳತೆ ತಪ್ಪಲಿಲ್ಲ ಎಂದು ಅವರು ಹೇಳಿದಾಗ ನಾನು, "ಹೌದು ಪೊರ್ಬುಗಳೇ," ಅಂದೆ. ಅಷ್ಟೇ.