ಕಾರು ಹತ್ತಿದ ಸಿಸ್ಟರ್

ಹೋದ ವಾರ ನಮ್ಮ ವಾರ್ಡಿನ ಡ್ರೆಸ್ಸಿಂಗ್ ಟ್ರಾಲಿಯ ಗಾಲಿಗಳು ಕಿರುಗುಟ್ಟಲು ಶುರುಮಾಡಿದ್ದವು. ಎರಡು ದಿನ ಸಹಿಸಿಕೊಂಡ ಆಯಾ, ಮೂರನೆಯ ದಿನ ಹೊಲಿಗೆ ಮಷಿನ್ನಿಗೆ ಹಾಕುವ ಎಣ್ಣೆಯ ಪುಟ್ಟ ಬಾಟಲಿಯೊಂದನ್ನು ಮನೆಯಿಂದ ತಂದು, ನೆಲದ ಮೇಲೆ ಕೂತು ಒಂದೊಂದೇ ಗಾಲಿಗೆ ಹನಿ ಬಿಟ್ಟಳು. ಫಿನಾಯಿಲ್, ಸ್ಪಿರಿಟ್ಟಿನ ಘಾಟಿನ ನಡುವೆ ಆ ಎಣ್ಣೆಯ ತೆಳು ವಾಸನೆ ಮೂಗಿಗೆ ಬಂತು. ಕೈಯಲ್ಲಿದ್ದ ಕೇಸ್ ಶೀಟು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಸಿಂಧನೂರಿನ ಆಸ್ಪತ್ರೆಯಲ್ಲಿದ್ದ ನಾನು ಒಂದು ಕ್ಷಣ ಮಸ್ಕಿಯ ನಮ್ಮ ಓಣಿಯಲ್ಲಿದ್ದೆ. ಖಾಲಾನ ಅಂಗಡಿಯ ಹೊಸ್ತಿಲಲ್ಲಿ...

ಮಸ್ಕಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅದರ ಗೋಡೆಗೆ ಗೋಡೆ ಹತ್ತಿಕೊಂಡು ಖಾಲಾನ ಟೇಲರಿಂಗ್ ಅಂಗಡಿ. ನಾನು ಐದನೆಯ ಇಯತ್ತೆಯಲ್ಲಿದ್ದಾಗ ಆಕೆ ಮುದಗಲ್ಲಿನಿಂದ ಒಬ್ಬಳೇ ಬಂದು, ಮುಂದಿನ ಖೋಲಿಯಲ್ಲಿ ಮಷಿನ್ ಇಟ್ಟು, ಹಿಂದಿನ ಖೋಲಿಯಲ್ಲಿ ಒಲೆ ಹೂಡಿದಳು. ಗಂಡ ಸೌದಿಯಲ್ಲಿದ್ದಾನೆ ಎಂದು ಹೇಳಿದ್ದಳು. ಅವನನ್ನು ಕಂಡವರಿರಲಿಲ್ಲ. ಕೇಳುವ ಪ್ರಸಂಗವೂ ಬರಲಿಲ್ಲ. ವರ್ಷದೊಳಗೆ ಓಣಿಗೆಲ್ಲ ಆಕೆ ಖಾಲಾ, ಎಂದರೆ ಚಿಕ್ಕಮ್ಮ, ಆದಳು. ಆಕೆಗಿಂತ ಇಪ್ಪತ್ತು ವರ್ಷ ದೊಡ್ಡವಳಾದ ನಮ್ಮ ಅಜ್ಜಿಯೂ ಖಾಲಾ ಎಂದೇ ಕರೆಯುತ್ತಿದ್ದಳು. ಆಕೆ ಹೊಲಿದ ಕುಪ್ಪಸ ಕಂಕುಳಲ್ಲಿ ಎಳೆಯುವುದಿಲ್ಲವೆಂದು ಪಾಮನಕಲ್ಲೂರಿನಿಂದ ಹೆಂಗಸರು ಬಟ್ಟೆ ಹಿಡಿದು ಬಸ್ಸಿನಲ್ಲಿ ಬರುತ್ತಿದ್ದರು.

ಆ ಅಂಗಡಿಯಲ್ಲಿ ಗೋಡೆಗೆ ಹಾಕಿದ ಹಲಗೆಯ ಮೇಲೊಂದು ಟಿವಿ ಇತ್ತು. ಸಂಜೆ ಏಳಕ್ಕೆ ಅದರಲ್ಲಿ ಒಂದು ದೊಡ್ಡ ಆಸ್ಪತ್ರೆಯ ಧಾರಾವಾಹಿ. ಅಜ್ಜಿ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಹೋಗಿ ಮಷಿನ್ ಪಕ್ಕದ ಸ್ಟೂಲಿನ ಮೇಲೆ ಕೂತಿರುತ್ತಿದ್ದಳು. ಓಣಿಯ ಐದಾರು ಹೆಂಗಸರು ಚಾಪೆಯ ಮೇಲೆ. ನಾನು ಮೂಲೆಯಲ್ಲಿ ಕುಪ್ಪಸಗಳಿಗೆ ಹುಕ್ಕು ಹಚ್ಚುತ್ತ. ಯಾರಿಗೂ ಪಾತ್ರಗಳ ಹೆಸರು ನೆನಪಿರುತ್ತಿರಲಿಲ್ಲ. ಕನ್ನಡಕದ ಡಾಕ್ಟರ್, ಸಿಡುಕಿನ ಡಾಕ್ಟರಮ್ಮ, ನಗೋ ಸಿಸ್ಟರ್... ಹೀಗೇ. ಜಾಹೀರಾತು ಬಂದಾಗ ಜಗಳ ಶುರು. ಕನ್ನಡಕದ ಡಾಕ್ಟರ್ ಆ ಹುಡುಗಿಯನ್ನು ಬಿಟ್ಟದ್ದು ಸರಿಯೋ ತಪ್ಪೋ, ಆಪರೇಷನ್ ಆದವನಿಗೆ ಎಚ್ಚರವಾಗುತ್ತದೋ ಇಲ್ಲವೋ. ನಮ್ಮ ಮನೆಯ ಮದುವೆಗಳ ಬಗ್ಗೆಯೂ ಅಷ್ಟು ಚರ್ಚೆ ಆದದ್ದನ್ನು ನಾನು ಕೇಳಿಲ್ಲ.

ಯಾರು ಧಾರಾವಾಹಿ ಬಿಟ್ಟು ಹೋಗುತ್ತಾರೆ ಎನ್ನುವುದು ಖಾಲಾನಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತಿತ್ತು. ಒಂದು ಸಂಜೆ ಸಿಡುಕಿನ ಡಾಕ್ಟರಮ್ಮನನ್ನು ನೋಡಿ, ಹದಿನೈದು ದಿನದಿಂದ ಈಕೆಗೆ ಅವೇ ಎರಡು ಕುಪ್ಪಸ, ಹೊಸದು ಹೊಲಿಸುವುದನ್ನು ನಿಲ್ಲಿಸಿದ್ದಾರೆ, ಈಕೆ ಹೊರಟಳು ಎಂದಳು. ಯಾರೂ ನಂಬಲಿಲ್ಲ. ಹತ್ತು ದಿನಕ್ಕೆ ಡಾಕ್ಟರಮ್ಮ ವಿಮಾನ ಹತ್ತಿ ಅಮೆರಿಕಕ್ಕೆ ಹೋದಳು. ಕನ್ನಡಕದ ಡಾಕ್ಟರನ ಪಾತ್ರಕ್ಕೆ ಇದ್ದಕ್ಕಿದ್ದಂತೆ ಬೇರೆಯವನು ಬಂದಾಗ ಅಜ್ಜಿ ಒಂದು ವಾರ ಆ ಮುಖ ಬಂದಾಗಲೆಲ್ಲ ಗೋಡೆಯ ಕಡೆ ತಿರುಗಿ ಕೂತಿದ್ದಳು. ಖಾಲಾ ಮಾತ್ರ ಮಷಿನ್ ತುಳಿಯುತ್ತಲೇ, ಕೋಟು ಹಳೆಯದೇ, ಭುಜದಲ್ಲಿ ಜೋತು ಬಿದ್ದಿದೆ, ಪಾಪ ಈ ಹುಡುಗನಿಗೊಂದು ಕೋಟು ಹೊಲಿಸಿಕೊಡಬಾರದೇ ಎಂದು ಮರುಗಿದಳು.

ಅಜ್ಜಿಗೆ ಎಲ್ಲರಿಗಿಂತ ಪ್ರೀತಿ ನಗೋ ಸಿಸ್ಟರ್ ಮೇಲೆ. ಆ ಪಾತ್ರ ಮಾಡುತ್ತಿದ್ದ ಹುಡುಗಿ ರೋಗಿಯ ತಲೆದಿಂಬು ಸರಿಮಾಡುವಾಗ ಅಜ್ಜಿಯ ಕೈಯೂ ತನಗೆ ಅರಿವಿಲ್ಲದೆ ಮುಂದೆ ಚಾಚುತ್ತಿತ್ತು. ನಾನು ಪಿಯುಸಿ ಮುಗಿಸಿ ರಾಯಚೂರಿನಲ್ಲಿ ನರ್ಸಿಂಗ್ ಓದುತ್ತೇನೆಂದಾಗ, ಕಿರಾಣಿ ಅಂಗಡಿಯ ನಮ್ಮಪ್ಪ ಹಿಂದೆ ಮುಂದೆ ನೋಡಿದ. ಅಜ್ಜಿಯೇ ಒಪ್ಪಿಸಿದಳು. ಅರ್ಜಿಯೂ ಮನೆಗೆ ಬಂತು. ತುಂಬಿ ಕಳಿಸಲು ಇನ್ನೂ ಹತ್ತು ದಿನ ಇತ್ತು.

ಆ ಹತ್ತು ದಿನದೊಳಗೆ ಅದು ನಡೆಯಿತು. ನಗೋ ಸಿಸ್ಟರ್ ನಾಲ್ಕು ದಿನ ಕಾಣಿಸಲೇ ಇಲ್ಲ. ಐದನೆಯ ದಿನ ಆಸ್ಪತ್ರೆಯ ಹಿಂಬಾಗಿಲಿನಿಂದ ಬ್ಯಾಗು ಹಿಡಿದು ಹೊರಬಂದು, ಹೆಂಡತಿ ಮಕ್ಕಳಿದ್ದ ಒಬ್ಬ ರೋಗಿಯ ಕಾರು ಹತ್ತಿ ಹೋದಳು. ಮರುದಿನ ಅವಳ ಕಾಗದ ಓದಿ ಇಡೀ ಆಸ್ಪತ್ರೆ ಛೀ ಎಂದಿತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, ಶಿವ ಶಿವಾ ಎನ್ನುತ್ತ ಎದ್ದು ಬಂದಳು. ಮಗಳೇ ಓಡಿಹೋದಂತೆ ಆ ರಾತ್ರಿ ಊಟ ಬಿಟ್ಟಳು. ಬೆಳಿಗ್ಗೆ ಅಪ್ಪನನ್ನು ಕರೆದು, ಆ ಕೆಲಸ ನಮ್ಮ ಹುಡುಗಿಗೆ ಬೇಡ ಎಂದಳು. ಹೊತ್ತಲ್ಲದ ಹೊತ್ತಿನ ಡ್ಯೂಟಿ, ಗೊತ್ತಿಲ್ಲದ ಗಂಡಸರು, ಅಂಥ ಚಲೋ ಹುಡುಗಿಗೇ ಹೀಗಾದರೆ...

"ಅವ್ವ ಬ್ಯಾಡ ಅಂದ ಮ್ಯಾಲ ಮುಗೀತು," ಎಂದು ಅಪ್ಪ ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಅಂಗಡಿಗೆ ಹೋದ.

ನಾನು ಖಾಲಾನ ಬಳಿ ಹೋಗಿ ಅತ್ತೆ. ಆಕೆ ಸಮಾಧಾನ ಹೇಳಲಿಲ್ಲ. ರವಿಕೆ ಪೊಟ್ಟಣ ಕಟ್ಟಲು ಇಟ್ಟಿದ್ದ ಪೇಪರುಗಳಲ್ಲಿ ಹುಡುಕಿ ಹೋದ ವಾರದ ಸಿನಿಮಾ ಪುಟ ತೆಗೆದು ಓದಲು ಹೇಳಿದಳು. ಆಕೆಗೆ ಕನ್ನಡ ಮಾತು ನೀರಿನಂತೆ ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಮೂಲೆಯಲ್ಲಿ ನಗೋ ಸಿಸ್ಟರಿನ ಪುಟ್ಟ ಫೋಟೋ, ಅದರ ಕೆಳಗೆ ನಾಲ್ಕು ಸಾಲಿತ್ತು. ಆ ನಟಿಗೆ ಸಿನಿಮಾದಲ್ಲಿ ಅವಕಾಶ ಸಿಕ್ಕಿ, ಧಾರಾವಾಹಿಯವರ ಜೊತೆ ಮನಸ್ತಾಪವಾಗಿ ಬಿಟ್ಟಿದ್ದಳು. ಖಾಲಾ ಎರಡು ಸಲ ಓದಿಸಿಕೊಂಡಳು. ಆಮೇಲೆ ಟೇಪನ್ನು ಕೊರಳಿನಿಂದ ತೆಗೆದು ಮಷಿನ್ ಮೇಲಿಟ್ಟು, ನಡುಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದುಕೊಂಡು ನಮ್ಮ ಮನೆಗೆ ಬಂದಳು. ಅಷ್ಟು ವರ್ಷದಲ್ಲಿ ಆಕೆ ನಮ್ಮ ಕಟ್ಟೆ ದಾಟಿ ಒಳಗೆ ಬಂದದ್ದು ಅದೇ ಮೊದಲು.

ಅಜ್ಜಿ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅಪ್ಪ ಊಟಕ್ಕೆ ಬಂದವನು ಕೈ ತೊಳೆಯುತ್ತಿದ್ದ. ಖಾಲಾ ಅಜ್ಜಿಯ ಎದುರು ನೆಲದ ಮೇಲೆ ಕೂತಳು.

"ಅಮ್ಮಾ, ಒಂದು ಮಾತು ಕೇಳ್ತೀನ್ರಿ. ಆ ಸಿಸ್ಟರ್ ಕಾರು ಹತ್ತಿದಾಗ ಆಕಿ ಮುಖ ನೋಡಿದ್ರೇನ್ರಿ?"

"ಮುಖ ಯಾಕ ನೋಡಬೇಕು? ಆಕಿನ ಅಲ್ಲೇನು," ಎಂದಳು ಅಜ್ಜಿ, ಮೊರದಿಂದ ಕಣ್ಣೆತ್ತದೆ.

"ಆಕಿ ಅಲ್ರಿ. ಬರೇ ಬೆನ್ನು ತೋರ್ಸಿದ್ರು. ನಗೋ ಸಿಸ್ಟರದು ಎಡಭುಜ ಇಳಿ ಐತಿ. ಕಾರು ಹತ್ತಿದಾಕಿದು ಎರಡೂ ಸಮ ಇದ್ವು. ಇಪ್ಪತ್ತೈದು ವರ್ಷದಿಂದ ಹೆಣ್ಮಕ್ಕಳ ಭುಜ ಅಳಿಯಾಕತ್ತೀನ್ರಿ ನಾ. ಆ ಹುಡುಗಿ ಕೆಲಸ ಬಿಟ್ಟು ಹೋಗ್ಯಾಳ. ಆಕಿ ಇಲ್ಲದಾಗ ಯಾರಿಗೋ ಆಕಿ ಬಟ್ಟಿ ಹಾಕಿ ಕಾರು ಹತ್ತಿಸ್ಯಾರ. ಪೇಪರ್‌ನ್ಯಾಗ ಬಂದೈತಿ, ಬೇಕಾದ್ರ ಓದಸ್ರಿ."

ಅಜ್ಜಿಯ ಕೈ ನಿಂತಿತು. ಆಮೇಲೆ ಹೇಳಿದ ಮಾತಿನಲ್ಲಿ ಸಿಟ್ಟಿರಲಿಲ್ಲ, ಬರಿಯ ಹೆದರಿಕೆ ಇತ್ತು.

"ಇರಬಹುದು ಬಿಡು. ಆದ್ರ ಮಂದಿ ಕಾರು ಹತ್ತಿದ್ದನ್ನ ನೋಡಿದ್ರಲ್ಲ, ಭುಜ ಯಾರು ನೋಡಿದ್ರು? ನಾಳೆ ನಮ್ಮ ಹುಡುಗಿ ಮ್ಯಾಲೂ ಹಿಂಗ ಒಂದು ಕಥಿ ಕಟ್ಟಿದ್ರ?"

ಖಾಲಾ ಅಪ್ಪನ ಕಡೆ ಒಮ್ಮೆ ನೋಡಿದಳು. ನನ್ನ ಕಡೆ ಒಮ್ಮೆ. ಹೇಳಬೇಕೋ ಬೇಡವೋ ಎಂದು ಅಳೆಯುತ್ತಿದ್ದಳೆಂದು ಈಗ ತಿಳಿಯುತ್ತದೆ.

"ನನ್ನ ಮ್ಯಾಲೂ ಕಟ್ಯಾರ್ರಿ ಅಮ್ಮಾ. ನನ್ನ ಗಂಡ ಸೌದಿಯಾಗ ಇಲ್ಲ. ಇಲ್ಲೇ ಸಿಂಧನೂರಾಗ ಅದಾನ. ಅಮ್ಮಿಗೆ ಹುಷಾರಿಲ್ಲ ಅಂತ ನಾ ಮುದಗಲ್ಲಿಗೆ ಹೋಗಿದ್ದೆ. ತಿಂಗಳು ಬಿಟ್ಟು ವಾಪಸ್ ಹೋಗೂದ್ರಾಗ, ನಾ ಯಾರ ಜೋಡಿನೋ ಓಡಿಹೋಗೀನಿ ಅಂತ ಓಣಿ ತುಂಬ ಸಾರಿ ಬ್ಯಾರೆ ನಿಕಾ ಮಾಡ್ಕೊಂಡಿದ್ದ. ಜವಾಬು ಕೊಡಾಕ ನಾ ಅಲ್ಲಿ ಇರಲಿಲ್ಲ. ಆದ್ರ ಕೈಯಾಗ ಹೊಲಿಗಿ ಇತ್ತು ನೋಡ್ರಿ, ಬದುಕೀನಿ. ಈ ಹುಡುಗಿ ಕೈಯಾಗೂ ಒಂದು ಕೆಲಸ ಇರ್ಲಿ. ಮಂದಿ ಏನರ ಅನ್ಲಿ."

ಇಷ್ಟು ಹೇಳಿ ಎದ್ದಳು. ಅಜ್ಜಿ ಚಹಾ ಕುಡಿದು ಹೋಗು ಎಂದರೂ ನಿಲ್ಲಲಿಲ್ಲ, ಗಿರಾಕಿಗಳು ಕಾಯುತ್ತಾರೆ ಎಂದಳು. ಅಪ್ಪ ಒದ್ದೆ ಕೈಯಲ್ಲೇ ನಿಂತಿದ್ದ. ಆ ಸಂಜೆ ಏಳಕ್ಕೆ ಅಜ್ಜಿ ಎಂದಿನಂತೆ ಹೋಗಿ ಸ್ಟೂಲಿನ ಮೇಲೆ ಕೂತಳು. ಹೋಗುವ ಮೊದಲು ಬಾಗಿಲಲ್ಲಿ ನಿಂತು, ಆ ಕಾಗದ ತುಂಬಿ ಕಳಿಸು ಎಂದು ಅಪ್ಪನಿಗೆ ಹೇಳಿದಳು. ಅಷ್ಟೇ.

ನಾನು ರಾಯಚೂರಿಗೆ ಹೋದೆ. ಇಲ್ಲಿಂದ ಮುಂದಿನದನ್ನು ಬರೆಯುವುದು ಕಷ್ಟ.

ಹಾಸ್ಟೆಲಿನ ಮೊದಲ ವಾರ ನಾವೆಲ್ಲ ಹೇಗೆ ಇಲ್ಲಿಗೆ ಬಂದೆವೆಂದು ಹೇಳಿಕೊಳ್ಳುತ್ತಿದ್ದೆವು. ಪಕ್ಕದ ಮಂಚದ ಹುಡುಗಿ ಮಸ್ಕಿಯವರ ಬೀಗರ ಪೈಕಿ. ಅವಳ ಸೋದರತ್ತೆ ನಮ್ಮ ಓಣಿಯಲ್ಲೇ ಇದ್ದಳು. ಅವಳಿಗೆ ನಾನು ಎಲ್ಲವನ್ನೂ ಹೇಳಿದೆ. ಭುಜದ ಮಾತು ಹೇಳಿ ನಗಿಸಿದೆ. ಅದೇ ಉಸಿರಿನಲ್ಲಿ ಖಾಲಾನ ಗಂಡನ ಮಾತನ್ನೂ ಹೇಳಿದೆ. ಕೆಟ್ಟ ಮನಸ್ಸಿನಿಂದ ಅಲ್ಲ. ಆಕೆ ನನಗಾಗಿ ಎಷ್ಟು ಮಾಡಿದಳು ಎನ್ನುವ ಹೆಮ್ಮೆಯಿಂದ...

ದೀಪಾವಳಿಗೆ ಊರಿಗೆ ಬಂದಾಗ ಅಂಗಡಿಗೆ ಬೀಗ ಬಿದ್ದಿತ್ತು. ಮಾತು ಓಣಿಗೆ ಬರುವಷ್ಟರಲ್ಲಿ ತಿರುಗುಮುರುಗಾಗಿತ್ತಂತೆ. ಗಂಡನನ್ನು ಬಿಟ್ಟು ಓಡಿಬಂದು ಸೌದಿಯ ಸುಳ್ಳು ಹೇಳಿ ಕೂತವಳು ಎಂದಾಯಿತು. ಕೊಟ್ಟ ಬಟ್ಟೆಗಳನ್ನು ಒಬ್ಬೊಬ್ಬರೇ ಹೊಲಿಸದೆ ವಾಪಸು ಒಯ್ದರು. ಮನೆಯ ಮಾಲೀಕ ಜಾಗ ಬೇಕೆಂದ. ಸಂಜೆ ಏಳಕ್ಕೆ ಚಾಪೆ ಖಾಲಿ ಇರುತ್ತಿತ್ತಂತೆ. ಕಡೆಯ ಒಂದು ತಿಂಗಳು ಆ ಟಿವಿಯ ಮುಂದೆ ಇಬ್ಬರೇ, ಖಾಲಾ ಮತ್ತು ನಮ್ಮ ಅಜ್ಜಿ. ಓಣಿಯವರು ಏನೆಂದರೂ ಅಜ್ಜಿ ಒಂದು ದಿನವೂ ತಪ್ಪಿಸಲಿಲ್ಲ. ಖಾಲಾ ಸಾಮಾನು ಹೇರಿಕೊಂಡು ಮುದಗಲ್ಲಿಗೆ ಹೋದ ದಿನ ಅಜ್ಜಿಯೇ ಟಂಟಂ ಆಟೋದ ತನಕ ಹೋಗಿ ಕಳಿಸಿ ಬಂದಳು.

ಮಾತು ಹೊರಗೆ ಹೇಗೆ ಹೋಯಿತೋ ಎಂದು ಅಜ್ಜಿ ನನ್ನೆದುರೇ ಕೊರಗಿದಳು. ನಾನು ತಲೆ ತಗ್ಗಿಸಿ ತಟ್ಟೆಯಲ್ಲಿದ್ದುದನ್ನು ಉಂಡೆ. ಅಜ್ಜಿ ತೀರಿಕೊಳ್ಳುವ ತನಕ ಹೇಳಲಿಲ್ಲ.

ಓದು ಮುಗಿದ ಮೇಲೆ ಲಿಂಗಸುಗೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎರಡು ವರ್ಷ ಕೆಲಸ ಮಾಡಿದೆ. ಡ್ಯೂಟಿ ಮುಗಿಸಿ ಬಸ್ ಸ್ಟ್ಯಾಂಡಿಗೆ ಬಂದರೆ ಮುದಗಲ್ ಬೋರ್ಡಿನ ಬಸ್ಸು ಎದುರಿಗೇ ನಿಂತಿರುತ್ತಿತ್ತು. ಎಷ್ಟು ಸಲ ಅದರ ಮೆಟ್ಟಿಲ ತನಕ ಹೋಗಿದ್ದೇನೋ. ಹತ್ತಿ ಹೋಗಿ ಏನು ಹೇಳಲಿ? ತಪ್ಪಾಯಿತು ಎಂದರೆ ಆಕೆಗೆ ಅಂಗಡಿ ಬರುತ್ತದೆಯೇ? ಮುಂದಿನ ವಾರ ಹೋಗೋಣ ಎಂದುಕೊಂಡು ಮಸ್ಕಿಯ ಬಸ್ಸು ಹತ್ತುತ್ತಿದ್ದೆ. ಹಾಗೇ ಎರಡು ವರ್ಷ ಹೋಯಿತು. ಆ ನಡುವೆ ಅಜ್ಜಿ ತೀರಿಕೊಂಡಳು. ಸರ್ಕಾರಿ ಕೆಲಸ ಸಿಕ್ಕಿ ಸಿಂಧನೂರಿಗೆ ಬಂದೆ.

ಬಂದ ಮರುವರ್ಷ ಲಿಂಗಸುಗೂರಿನ ಹಳೆಯ ಗೆಳತಿಯೊಬ್ಬಳು ಮದುವೆಯೊಂದರಲ್ಲಿ ಸಿಕ್ಕಳು. ಅವಳೂ ನರ್ಸು. ಮಾತಿನ ನಡುವೆ, ನೀನು ಬಿಟ್ಟ ಎರಡು ತಿಂಗಳಿಗೆ ಮುದಗಲ್ಲಿನ ಒಬ್ಬ ಮುದುಕಿ ಅಡ್ಮಿಟ್ ಆಗಿದ್ದಳು, ನಾಲ್ಕು ದಿನವೂ ನಿನ್ನನ್ನೇ ಕೇಳುತ್ತಿದ್ದಳು ಎಂದಳು. ಟೇಲರ್ ಅಂತೆ. ನಮ್ಮೆಲ್ಲರ ಯೂನಿಫಾರಂ ಭುಜದಲ್ಲಿ ಸರಿಯಿಲ್ಲ ಅಂತ ಬೈಯುತ್ತಿದ್ದಳು ಎಂದು ನಕ್ಕಳು.

ಮರುದಿನವೇ ಮುದಗಲ್ಲಿಗೆ ಹೋದೆ. ಕೋಟೆಯ ಒಳಗಿನ ಗಲ್ಲಿಗಳಲ್ಲಿ ಕೇಳುತ್ತ ಕೇಳುತ್ತ ಆಕೆಯ ತಮ್ಮನ ಮನೆ ಹುಡುಕಿದೆ. ತಮ್ಮನ ಹೆಂಡತಿ ಬಾಗಿಲಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಸ್ಕಿ ನರ್ಸಮ್ಮ ನೀವ ಏನ್ರಿ?" ಎಂದಳು. ನನ್ನ ಹೆಸರು ಹೇಳುವ ಮೊದಲೇ. ಆಸ್ಪತ್ರೆಯಿಂದ ಮನೆಗೆ ಕರೆತಂದ ಹದಿನೈದು ದಿನಕ್ಕೆ ಖಾಲಾ ತೀರಿಕೊಂಡಿದ್ದಳು.

ತಮ್ಮನ ಹೆಂಡತಿಯೇ ಕೂತು ಎಲ್ಲ ಹೇಳಿದಳು. ಲಿಂಗಸುಗೂರಿನ ಆಸ್ಪತ್ರೆಗೇ ಹೋಗೋಣ, ಅಲ್ಲಿ ನಮ್ಮ ಹುಡುಗಿ ಇದ್ದಾಳೆ ಎಂದು ಖಾಲಾ ಹಟ ಹಿಡಿದಿದ್ದಳಂತೆ. ನಾನಲ್ಲಿ ಕೆಲಸಕ್ಕಿದ್ದದ್ದು ಆಕೆಗೆ ಗೊತ್ತಿತ್ತು. ನಮ್ಮ ಅಜ್ಜಿಯೇ ಫೋನಿನಲ್ಲಿ ಹೇಳಿದ್ದಳಂತೆ. ಅವರಿಬ್ಬರೂ ಅಜ್ಜಿಯ ಕಡೆಗಾಲದ ತನಕ ಧಾರಾವಾಹಿ ಮುಗಿದ ಮೇಲೆ ಫೋನು ಮಾಡಿಕೊಳ್ಳುತ್ತಿದ್ದರೆಂದು ನನಗೆ ತಿಳಿದದ್ದು ಆ ದಿನ. ಮಸ್ಕಿ ಯಾಕೆ ಬಿಟ್ಟೆ ಎಂದು ಮನೆಯವರು ಕೇಳಿದರೆ, ಅಲ್ಲಿ ರೆಡಿಮೇಡ್ ಬಂದು ಕೆಲಸ ಕಡಿಮೆಯಾಯಿತು ಎನ್ನುತ್ತಿದ್ದಳಂತೆ. ಬೇರೆ ಏನೂ ಹೇಳಿರಲಿಲ್ಲ.

"ಆ ದವಾಖಾನಿ ಸಿಸ್ಟರ್‌ಗಳಿಗೆ ಕೇಳಿದ್ಲಂತ್ರಿ, ನಮ್ಮ ಹುಡುಗಿ ಸೂಜಿ ಹೆಂಗ ಚುಚ್ತಿದ್ಲು ಅಂತ. ಆಕಿ ಕೈ ಭಾಳ ಹಗುರ, ಸಣ್ಣ ಕೂಸೂ ಅಳ್ತಿರಲಿಲ್ಲ ಅಂದ್ರಂತ. ಮನಿಗೆ ಬಂದು ಮಾತಾಡ್ಸಾಕ ಬಂದವ್ರಿಗೆಲ್ಲ ಅದನ್ನ ಹೇಳೇ ಹೇಳಿದ್ಲು."

ನಿಜ ಹೇಳಿಬಿಡಬೇಕೆಂದು ಹೋಗಿದ್ದೆ. ಆ ಮಾತು ಕೇಳಿದ ಮೇಲೆ ಬಾಯಿ ಬರಲಿಲ್ಲ. ಹೇಳಿದ್ದರೂ ಆ ಬಡ ಹೆಂಗಸಿಗೆ ಹೇಳಿ ಏನು ಪ್ರಯೋಜನ? ಕ್ಷಮಿಸಬೇಕಾದವಳು ಆಕೆಯಲ್ಲ. ಕೊಟ್ಟ ಚಹಾ ಕುಡಿದು, ಖಬರಸ್ತಾನದ ದಾರಿ ಕೇಳಿ, ಅದರ ಹೊರಗಿನ ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ನಿಂತು ಬಂದೆ. ನನ್ನ ಕೈ ಹಗುರವೆಂದು ಊರಿಗೆಲ್ಲ ಹೇಳಿದವಳಿಗೆ ಆ ಕೈಯಿಂದ ಒಂದು ಲೋಟ ನೀರನ್ನೂ ನಾನು ಕೊಟ್ಟಿಲ್ಲ.

ಈಗ ನಾನು ಧಾರಾವಾಹಿ ನೋಡುವುದಿಲ್ಲ. ನಮ್ಮ ವಾರ್ಡಿನಲ್ಲಿ ರೋಗಿಗಳ ಜೊತೆ ಬಂದವರು ಫೋನಿನಲ್ಲಿ ನೋಡುತ್ತಾರೆ. ನಿನ್ನೆ ಸಂಜೆ ತುರ್ವಿಹಾಳದ ಇಬ್ಬರು ಹೆಂಗಸರು ವಾದಕ್ಕೆ ಬಿದ್ದಿದ್ದರು. ಯಾವುದೋ ಹೊಸ ಆಸ್ಪತ್ರೆಯ ಕಥೆ. ಅದರಲ್ಲಿನ ಡಾಕ್ಟರಮ್ಮ ಒಂದು ವಾರದಿಂದ ಬಂದಿಲ್ಲವಂತೆ. ಸಾಯಿಸುತ್ತಾರೆ ಎಂದು ಒಬ್ಬಳು, ಇಲ್ಲ, ಬೇರೆ ಮುಖ ತರುತ್ತಾರೆ ಎಂದು ಇನ್ನೊಬ್ಬಳು. ನಾನು ಪಕ್ಕದ ಮಂಚದವರ ಬಿ.ಪಿ. ನೋಡುತ್ತಿದ್ದೆ.

"ಸಿಸ್ಟರ್, ನೀವು ಹೇಳ್ರಿ, ಆಕಿ ವಾಪಸ್ ಬರ್ತಾಳೋ ಇಲ್ಲೋ?"

"ತಡೀರಿ, ಖಾಲಾನ್ನ ಕೇಳಿ ಹೇಳ್ತೀನಿ," ಅಂದುಬಿಟ್ಟೆ.

ಯಾರ್ರೀ ಖಾಲಾ ಎಂದು ಅವರು ಕೇಳಿದರು. ನಾನು ಮತ್ತೊಮ್ಮೆ ಬಿ.ಪಿ. ನೋಡತೊಡಗಿದೆ.