ಮೂಳೆ ನೊಣಕ್ಕೊಂದು ಸನ್ಮಾನ

ನಮ್ಮ ಬಡಾವಣೆಯ ಜನಕ್ಕೆ ಯಾವುದರ ಮೇಲಾದರೂ ಪ್ರೀತಿ ಹುಟ್ಟಿತೆಂದರೆ ಅದರ ಕಥೆ ಮುಗಿದ ಹಾಗೆಯೇ. ಹೊಂಗೆಮರದ ಮೇಲೆ ಹುಟ್ಟಿತು. ಬುಡಕ್ಕೆ ಸಿಮೆಂಟ್ ಕಟ್ಟೆ ಕಟ್ಟಿ ಕೊಂದರು. ಪಾರ್ಕಿನ ಹುಲ್ಲಿನ ಮೇಲೆ ಹುಟ್ಟಿತು, ಟೈಲ್ಸ್ ಹಾಕಿಸಿದರು. ಕೊನೆಗೆ ನನ್ನ ನೊಣದ ಮೇಲೂ ಹುಟ್ಟಿತು.

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ನೊಣಗಳನ್ನು ಗುರುತಿಸಿ ವಿಂಗಡಿಸುವುದು ಹಳೆಯ ಹುಚ್ಚು, ಅದರಲ್ಲೂ ಹೆಣಕ್ಕೆ ಮುತ್ತುವ ನೊಣಗಳು. "ಹಿಡಿಯೋದೇ ಆದ್ರೆ ಚಿಟ್ಟೆ ಹಿಡೀಬಾರ್ದಿತ್ತೇನೆ?" ಎಂದು ನನ್ನ ಅಕ್ಕ ಈಗಲೂ ಕೇಳುತ್ತಾಳೆ. ಚಿಟ್ಟೆಗೆ ಅಭಿಮಾನಿಗಳು ಬೇಕಾದಷ್ಟಿದ್ದಾರೆ, ಕ್ಯಾಲೆಂಡರಿನಲ್ಲೂ ಜಾಗ ಸಿಗುತ್ತದೆ. ಸತ್ತದ್ದನ್ನೆಲ್ಲ ತಿಂದು ಊರನ್ನು ಬದುಕಲು ಯೋಗ್ಯ ಮಾಡುವ ನೊಣಕ್ಕೆ ಪೊರಕೆ ಏಟು.

ಜೆ.ಪಿ. ನಗರದ ನಮ್ಮ ರಸ್ತೆಯ ತುದಿಗೆ, ರಾಜಕಾಲುವೆಯ ಪಕ್ಕ ಒಂದು ಖಾಲಿ ಸೈಟಿದೆ. ಒಂದು ಚಳಿಗಾಲದಲ್ಲಿ ಯಾರೋ ಅಲ್ಲಿ ಎಮ್ಮೆ ಮೂಳೆಗಳನ್ನು ಸುರಿದು ಹೋದರು. ವಾಕಿಂಗ್ ಬಂದವರೆಲ್ಲ ಮೂಗು ಮುಚ್ಚಿಕೊಂಡು ಆಚೆ ಬದಿಗೆ ದಾಟಿದರು, ನಾನು ಈಚೆ ಬದಿಗೆ ದಾಟಿದೆ. ಒಂದು ತೊಡೆಮೂಳೆಯ ಮೇಲೆ ಕಿತ್ತಳೆ ಬಣ್ಣದ ತಲೆ, ಕಡುನೀಲಿ ಮೈಯ ನೊಣ ಕೂತಿತ್ತು. ಬ್ರಿಟಿಷರ ಕಾಲದಲ್ಲಿ ಯಾರೋ ಒಮ್ಮೆ ಹಿಡಿದದ್ದು ಬಿಟ್ಟರೆ ಆಮೇಲೆ ಅದನ್ನು ಕಂಡವರೇ ಇರಲಿಲ್ಲ. ನಿರ್ನಾಮವಾಯಿತೆಂದು ಬರೆದು ಎಲ್ಲರೂ ಕೈತೊಳೆದುಕೊಂಡಿದ್ದರು. ಹಿಡಿದು ಡಬ್ಬಿಗೆ ಹಾಕಿಕೊಂಡೆ.

ತಲೆಯ ಬಣ್ಣ ನೋಡಿ ನೊಣದ ಹೆಸರು ಹೇಳುವ ಪಂಡಿತರು ಈಗ ಎಲ್ಲರ ಫೋನಿನಲ್ಲೂ ಇದ್ದಾರೆ. ನನ್ನ ಹತ್ತಿರ ಅದೆಲ್ಲ ನಡೆಯುವುದಿಲ್ಲ. ಗಂಡು ನೊಣದ ಹೊಟ್ಟೆಯ ತುದಿ ಕತ್ತರಿಸಿ, ಕ್ಷಾರದಲ್ಲಿ ಕುದಿಸಿ, ಜನನಾಂಗದ ಆಕಾರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನೋಡಿದೆ. ಹಳೆಯ ಮಾದರಿ ಇಟ್ಟುಕೊಂಡಿರುವ ಪರದೇಶದ ಮ್ಯೂಸಿಯಮ್ಮಿಗೆ ಚಿತ್ರ ಕಳಿಸಿದೆ. ಅದೇ ನೊಣ ಎಂದರು. ಆದರೆ ಒಂಟಿ ನೊಣ ಲಾರಿ ಹತ್ತಿ ಎಲ್ಲಿಂದಲೋ ಬಂದಿರಬಹುದು, ಅಲ್ಲೇ ಮರಿ ಮಾಡುತ್ತಿದೆಯೆಂದು ತೋರಿಸಿದರೆ ಮಾತ್ರ ಒಪ್ಪುತ್ತೇವೆ ಎಂದೂ ಸೇರಿಸಿದರು. ನ್ಯಾಯವಾದ ಮಾತು.

ಮೂಳೆಗಳ ಒಳಗೆ, ಮಜ್ಜೆಯಲ್ಲಿ, ಹುಳುಗಳು ಮಿಜಿಗುಟ್ಟುತ್ತಿದ್ದವು. ಹುಳು ನೋಡಿ ಯಾವ ನೊಣವೆಂದು ಹೇಳಲಾಗದು, ರೆಕ್ಕೆ ಬಂದು ಹೊರಬರುವವರೆಗೆ ಕಾಯಬೇಕು. ಒಂದು ಮೂಳೆಯನ್ನು ಮನೆಗೆ ತಂದೆ. ಮಜ್ಜೆ ಒಣಗಿ ಹುಳುಗಳು ಸತ್ತವು. ಅವಕ್ಕೆ ಬಯಲಿನ ಇಬ್ಬನಿ, ನೆಲದ ತೇವ ಬೇಕಿತ್ತು. ಹಾಗಾಗಿ ಉಳಿದ ಮೂಳೆಗಳನ್ನು ಕೆಲವು ವಾರ ಯಾರೂ ಮುಟ್ಟಬಾರದಿತ್ತು. ಈ ಮಹಾನಗರದಲ್ಲಿ ನಾನು ಕೇಳಿದ್ದು ಅಷ್ಟೇ.

ನಿವಾಸಿಗಳ ಸಂಘದ ಕಾರ್ಯದರ್ಶಿ ಮನೆಗೆ ಬಂದರು. ನಿವೃತ್ತ ಇಂಜಿನಿಯರು, ಸ್ವಚ್ಛತೆಯೆಂದರೆ ಪ್ರಾಣ. ತಮ್ಮ ಮನೆಯ ಕಸವನ್ನು ಎದುರು ಮನೆಯ ಗೇಟಿಗೆ ಗುಡಿಸುವಷ್ಟು.

"ಮೇಡಂ, ಮರ್ಯಾದಸ್ಥರ ಮನೆಯವ್ರು ನೀವು. ಮೂಳೆ ಮುಂದೆ ಕುಕ್ಕರಗಾಲಲ್ಲಿ ಕೂತಿರ್ತೀರಂತೆ. ಗ್ರೂಪಲ್ಲಿ ಫೋಟೊ ಬಂದಿದೆ."

"ಚೆನ್ನಾಗಿ ಬಂದಿದೀನಾ ಸಾರ್?"

"ತಮಾಷೆ ಅಲ್ಲ ಮೇಡಂ. ನಾಳೆ ಎಲ್ಲಾ ಎತ್ತಿಸ್ತೀನಿ."

ಬೇರೆ ದಾರಿಯಿರಲಿಲ್ಲ, ಹೇಳಿದೆ. ಜಗತ್ತಿನಲ್ಲೇ ಇಲ್ಲವೆಂದುಕೊಂಡಿದ್ದ ನೊಣ ಇದು, ಸದ್ಯಕ್ಕೆ ಇಲ್ಲಿ ಮಾತ್ರ ಸಿಕ್ಕಿದೆ, ಆ ಮೂಳೆಗಳನ್ನು ಮುಟ್ಟಬೇಡಿ ಎಂದೆ. ಅವರು ಸ್ವಲ್ಪ ಯೋಚಿಸಿದರು.

"ಅಂದ್ರೆ ಬನಶಂಕರೀಲೂ ಇಲ್ವಾ?"

"ಇಲ್ಲ ಸಾರ್."

"ಜಯನಗರದಲ್ಲಿ?"

"ಅಲ್ಲೂ ಕಂಡಿಲ್ಲ."

ಮುಖ ಊರಗಲವಾಯಿತು. "ಬಿಡಿ ಮೇಡಂ, ಇನ್ಮೇಲೆ ಅದು ನಮ್ ಲೇಔಟ್ ನೊಣ. ಜವಾಬ್ದಾರಿ ನಂದು."

ನಂಬಿದೆ. ಭಾನುವಾರ ಬೆಳಿಗ್ಗೆ ಸೈಟಿನಲ್ಲೇ ಸಣ್ಣ ಕಾರ್ಯಕ್ರಮವಿದೆ, ಬರಲೇಬೇಕೆಂದು ಕರೆ ಬಂತು. ಹೋದರೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿಗಳು, ಒಂದು ಫ್ಲೆಕ್ಸು. ಅದರಲ್ಲಿ ಹಸಿರು ಹೊಳೆಯುವ ಇನ್ಯಾವುದೋ ನೊಣ, ಕೆಳಗೆ 'ನಮ್ಮ ಬಡಾವಣೆಯ ಹೆಮ್ಮೆ' ಎಂಬ ಸಾಲು, ನೊಣಕ್ಕಿಂತ ದೊಡ್ಡದಾಗಿ ಪದಾಧಿಕಾರಿಗಳ ಮುಖಗಳು. ನೆಲ ಬೆಳ್ಳಗಿತ್ತು. ಬ್ಲೀಚಿಂಗ್ ಪೌಡರಿನ ಘಾಟಿಗೆ ಕಣ್ಣು ಉರಿಯಿತು.

"ಮೂಳೆ ಎಲ್ಲಿ ಸಾರ್?"

"ನಿನ್ನೆ ಸಂಜೇನೇ ಕಸದ ಲಾರೀಗೆ ಹಾಕಿಸ್ಬಿಟ್ಟೆ ಮೇಡಂ. ಗಣ್ಯರೆಲ್ಲ ಬರ್ತಾರೆ, ವಾಸ್ನೆ ಬಂದ್ರೆ ನಿಮಗೇ ಅವಮಾನ ಅಲ್ವಾ? ಆದ್ರೆ ಒಂದೇ ಒಂದು ನೊಣಾನೂ ಮುಟ್ಟಿಲ್ಲ, ಆಣೆ ಮಾಡಿ ಹೇಳ್ತೀನಿ."

ಬೈಯಲು ಬಾಯಿ ತೆರೆಯುವಷ್ಟರಲ್ಲಿ ಹೆಗಲಿಗೆ ಶಾಲು ಬಂತು, ತಲೆಗೆ ಮೈಸೂರು ಪೇಟ, ಕೈಗೆ ಹಣ್ಣಿನ ಬುಟ್ಟಿ. ಅಳು ತಡೆಯಲಾಗಲಿಲ್ಲ. ಸನ್ಮಾನಕ್ಕೆ ಮನಸ್ಸು ತುಂಬಿ ಬಂದಿದೆಯೆಂದು ಚಪ್ಪಾಳೆ ತಟ್ಟಿದರು, ದಡ್ಡ ಶಿಖಾಮಣಿಗಳು.

ಅಷ್ಟರಲ್ಲಿ ಒಂದು ನೊಣ ಬಂದು ಬುಟ್ಟಿಯ ಬಾಳೆಹಣ್ಣಿನ ಮೇಲೆ ಕೂತಿತು. ಎಲ್ಲರ ಅಡುಗೆಮನೆಯಲ್ಲೂ ಇರುವ ಮಾಮೂಲಿ ನೊಣ. ಕಾರ್ಯದರ್ಶಿ ಉಸಿರು ಬಿಗಿಹಿಡಿದು ನನ್ನ ಕಿವಿಯ ಹತ್ತಿರ ಬಂದರು.

"ಮೇಡಂ, ಇದೇನಾ?"

"ಹೌದು ಸಾರ್, ಇದೇ," ಎಂದೆ.

ಫೋನುಗಳೆಲ್ಲ ಮೇಲೆದ್ದವು. ಎಲ್ಲರ ಫೋಟೊ ಮುಗಿಯುವವರೆಗೆ ನಾನು ಬುಟ್ಟಿ ಅಲ್ಲಾಡದಂತೆ ಹಿಡಿದುಕೊಂಡು ನಿಂತೆ. ಗ್ರೂಪಿನ ಡಿಪಿಯಲ್ಲಿ ಇವತ್ತಿಗೂ ಆ ಬಾಳೆಹಣ್ಣಿನ ನೊಣವೇ ಇದೆ. ನನ್ನದು ಡಬ್ಬಿಯಲ್ಲಿ ಸೂಜಿಗೆ ಚುಚ್ಚಿಕೊಂಡು ಒಂಟಿಯಾಗಿದೆ. ಮ್ಯೂಸಿಯಮ್ಮಿನವರ ಲೆಕ್ಕದಲ್ಲಿ ಅದು ಲಾರಿ ಹತ್ತಿ ಬಂದದ್ದು.